ಆಘಾತದ ನಂತರ ಬದಲಾದ ಹದಿಹರೆಯದ ಮಕ್ಕಳು: ಮನೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಣ್ಣೆದುರೇ ಅಪಘಾತ ನೋಡಿದ, ಮನೆಯಲ್ಲಿ ಹಠಾತ್ ಸಾವು ಕಂಡ, ನೆರೆಯಲ್ಲಿ ಸಿಕ್ಕಿಕೊಂಡ ಅಥವಾ ಸಹಪಾಠಿಗಳ ಕಿರುಕುಳವನ್ನು ತಿಂಗಳುಗಟ್ಟಲೆ ಸಹಿಸಿದ ಹದಿಹರೆಯದ ಮಕ್ಕಳು ಆಮೇಲಿನ ದಿನಗಳಲ್ಲಿ ಅಳುವುದು ಕಡಿಮೆ, ಸಿಡುಕುವುದೇ ಹೆಚ್ಚು. ಊಟಕ್ಕೆ ಕರೆದರೆ ರೇಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ, ಕಾಲೇಜು ತಪ್ಪಿಸುತ್ತಾರೆ, ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ಹಿಡಿದು ಕೂರುತ್ತಾರೆ. ಮನೆಯವರಿಗೆ ಇದೆಲ್ಲ ಹಟ, ಸೋಮಾರಿತನ ಅಥವಾ ಕೆಟ್ಟ ಸಹವಾಸದ ಫಲವಾಗಿ ಕಾಣುತ್ತದೆ. ಆದ್ದರಿಂದ ಮೊದಲು ಗದರಿಕೆ, ಆಮೇಲೆ ಉಪದೇಶ, ಕೊನೆಗೆ “ಸ್ವಲ್ಪ ದಿನ ಊರಿಗೆ ಕಳಿಸಿಬಿಡೋಣ” ಎಂಬ ತೀರ್ಮಾನ. ಮುಂಬೈ, ಪುಣೆ, ಗೋವಾಗಳ ಕನ್ನಡ ಕುಟುಂಬಗಳಲ್ಲಿ ಈ ಕ್ರಮ ಎಷ್ಟು ಸಾಮಾನ್ಯವೆಂದರೆ, ನಡವಳಿಕೆಯ ಹಿಂದೆ ಏನಿದೆ ಎಂದು ಯಾರೂ ಕೇಳುವ ಮೊದಲೇ ಬಸ್ಸಿನ ಟಿಕೆಟ್ ಕಾಯ್ದಿರಿಸಿ ಆಗಿರುತ್ತದೆ.

ಈ ಮಾರ್ಗದರ್ಶಿಯ ಮುಖ್ಯ ಮಾತು ಇಷ್ಟೇ: ನಡವಳಿಕೆಯನ್ನು ತಿದ್ದಲು ಹೊರಡುವ ಮೊದಲು, ಮಗು ಯಾವುದರಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದನ್ನು ಗುರುತಿಸಬೇಕು. ಅದು ಗೊತ್ತಾದರೆ ಉಳಿದ ಹೆಜ್ಜೆಗಳನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.

ಮುಂದೆ ಓದುವ ಮೊದಲು

ಮಗು ಸಾಯುವ ಮಾತಾಡುತ್ತಿದ್ದರೆ, ಕೈ ಕೊಯ್ದುಕೊಂಡಿದ್ದರೆ, ತನ್ನ ಪ್ರಿಯವಾದ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ, ಇಲ್ಲದ್ದನ್ನು ಕಾಣುತ್ತಿದ್ದರೆ ಅಥವಾ ಕೇಳುತ್ತಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಇಂದೇ ವೈದ್ಯರ ಬಳಿ ಹೋಗಿ. “ಸಾಯಬೇಕು ಅನ್ನಿಸುತ್ತಿದೆಯಾ?” ಎಂದು ನೇರವಾಗಿ ಕೇಳಲು ಹೆದರಬೇಡಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗೆ ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳು, ಇಲಿಪಾಷಾಣ, ಫಿನೈಲ್ ಮುಂತಾದವನ್ನು ಬೀಗ ಹಾಕಿಡಿ ಅಥವಾ ಮನೆಯಿಂದ ಹೊರಗೆ ಸಾಗಿಸಿ. ಮುಂಬೈಯಲ್ಲಿ ಪರೇಲ್‌ನ ಕೆಇಎಂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆ ಇದೆ. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಹೋಗಲು ತಡಮಾಡುವವರು ಇದನ್ನು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಶಿಕ್ಷೆಯಿಲ್ಲ, ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಹೆಜ್ಜೆ 1: ಬದಲಾವಣೆಯನ್ನು ಬರೆದಿಡಿ

ಒಂದು ಸಣ್ಣ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ, ನೀವು ಕಂಡದ್ದನ್ನು ಮಾತ್ರ ಬರೆಯಿರಿ. “ಮೊಂಡುತನ ಮಾಡಿದ” ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. “ಬೆಳಿಗ್ಗೆ ಏಳೂವರೆಗೆ ಸ್ಟೇಷನ್ನಿಗೆ ಹೊರಡುವಾಗ ಹೊಟ್ಟೆನೋವು ಎಂದ, ಹತ್ತು ಗಂಟೆಗೆ ಹೊಟ್ಟೆನೋವು ಇರಲಿಲ್ಲ” ಎಂದು ಬರೆದರೆ ಬಹಳಷ್ಟು ತಿಳಿಯುತ್ತದೆ. ನಿದ್ದೆ ಎಷ್ಟು ಹೊತ್ತು, ಊಟ ಹೇಗೆ, ಯಾವ ಹೊತ್ತಿನಲ್ಲಿ ಸಿಡುಕು, ಯಾವ ಜಾಗ ಅಥವಾ ಯಾವ ಮಾತು ಬಂದಾಗ ಎದ್ದು ಹೋಗುವುದು, ಯಾರೊಂದಿಗೆ ಮಾತು ನಿಂತಿದೆ ಎಂಬುದನ್ನೆಲ್ಲ ಗಮನಿಸಿ. ಎರಡು ವಾರ ಬರೆಯುವಷ್ಟರಲ್ಲಿ ಒಂದು ಎಳೆ ಕಾಣತೊಡಗುತ್ತದೆ. ಮುಂದೆ ವೈದ್ಯರ ಬಳಿ ಹೋಗಬೇಕಾಗಿ ಬಂದರೂ ಈ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ. ಆದರೆ ಪತ್ತೇದಾರಿ ಮಾಡಬೇಡಿ. ಮಗುವಿನ ಮೊಬೈಲ್ ಕದ್ದು ನೋಡಿದ್ದು ಗೊತ್ತಾದ ದಿನವೇ ಮಾತಿನ ಬಾಗಿಲು ಮುಚ್ಚುತ್ತದೆ.

ಬದಲಾವಣೆ ಯಾವಾಗಲೂ ಒರಟಾಗಿಯೇ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಿಂಪ್ರಿ–ಚಿಂಚ್‌ವಡದ ಒಂದು ಮನೆಯಲ್ಲಿ ತಂದೆಗೆ ರಾತ್ರಿ ಹೃದಯಾಘಾತವಾಗಿ, ಅವರು ಉಳಿದುಕೊಂಡರು ಎಂದುಕೊಳ್ಳಿ. ಹದಿನಾಲ್ಕರ ಮಗಳು ಆಮೇಲೆ ಬಹಳ ವಿಧೇಯಳಾಗುತ್ತಾಳೆ, ಅಡುಗೆಮನೆಯ ಕೆಲಸಕ್ಕೆ ತಾನಾಗಿಯೇ ಬರುತ್ತಾಳೆ, ಎಲ್ಲರೂ ಹೊಗಳುತ್ತಾರೆ. ಅವಳು ಪ್ರತಿ ರಾತ್ರಿ ಎದ್ದು ತಂದೆಯ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡಿ ಬರುವುದನ್ನು ಯಾರೂ ಕಂಡಿರುವುದಿಲ್ಲ. ಇಂಥ ಮಕ್ಕಳು ಯಾರಿಗೂ ತೊಂದರೆ ಕೊಡದಿರುವುದರಿಂದಲೇ ಅವರಿಗೆ ನೆರವು ತಡವಾಗಿ ಸಿಗುತ್ತದೆ.

ಹೆಜ್ಜೆ 2: ದೇಹದಲ್ಲಿ ಏನಾಗುತ್ತಿದೆ ಎಂದು ನೀವೂ ತಿಳಿಯಿರಿ, ಮಗುವಿಗೂ ಹೇಳಿ

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳು ರಕ್ತಕ್ಕೆ ಸೇರಿ ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿತ ಹೆಚ್ಚುತ್ತವೆ. ಅಪಾಯ ಕಳೆದ ಮೇಲೆ ಈ ಎಚ್ಚರಿಕೆ ಇಳಿಯಬೇಕು; ತೀವ್ರ ಅನುಭವದ ನಂತರ ಕೆಲವು ವಾರ ಅದು ಪೂರ್ತಿ ಇಳಿಯದೆ, ಸಣ್ಣ ಶಬ್ದಕ್ಕೂ, ಒಂದು ವಾಸನೆಗೂ ಮತ್ತೆ ಏರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಾಗ ಕಂಠದವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದವರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಮಳೆ ಬಿರುಸಾದರೆ ಎದೆ ಬಿಗಿಯುತ್ತದೆ. ಇದು ದೌರ್ಬಲ್ಯವಲ್ಲ ಎಂದು ಮಗುವಿಗೆ ತಿಳಿಸಲು ನಿಮ್ಮ ಮನೆಯ ಹಿರಿಯರ ಇಂಥ ಒಂದು ಅನುಭವ ಸಾಕು.

ಹದಿಹರೆಯದಲ್ಲಿ ಇದು ಹೆಚ್ಚು ಕಷ್ಟ. ಆವೇಗವನ್ನು ತಡೆದು ಯೋಚಿಸುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಭಯ ಸಿಟ್ಟಾಗಿ ಹೊರಬರುತ್ತದೆ. ಕೆಲವರು ಬೈಕ್ ಜೋರಾಗಿ ಓಡಿಸಿ, ಕುಡಿದು ಅಥವಾ ಸೇದಿ ಆ ಬಿಗಿತವನ್ನು ಮರೆಯಲು ನೋಡುತ್ತಾರೆ. ನಡೆದದ್ದಕ್ಕೆ ತಾನೇ ಕಾರಣ ಎಂಬ ಅಪರಾಧಿ ಭಾವ ಇದಕ್ಕೆ ಸೇರಿಕೊಂಡಿದ್ದರೆ ಬಾಯಿ ಬಿಡುವುದು ಇನ್ನೂ ಕಷ್ಟ.

ಹೆಜ್ಜೆ 3: ಮೊದಲ ವಾರಗಳಲ್ಲಿ ದಿನಚರಿಯನ್ನು ಕಾಪಾಡಿ

ಊಟ, ಸ್ನಾನ, ನಿದ್ದೆ, ಸಂಜೆಯ ಓಡಾಟ ಹಿಂದಿನ ಹೊತ್ತಿಗೇ ನಡೆಯಲಿ. ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಸಿಡುಕುವುದನ್ನು ಆಘಾತದ ಲೆಕ್ಕಕ್ಕೆ ಹಾಕುವ ಮೊದಲು ಇದನ್ನು ಸರಿಪಡಿಸಿ ನೋಡಿ. ಒಂದೇ ಕೋಣೆಯ ಮನೆಯಲ್ಲಿ, ತಂದೆ ಹೋಟೆಲ್ ಮುಚ್ಚಿ ರಾತ್ರಿ ಹನ್ನೆರಡಕ್ಕೆ ಬರುವಾಗ, ಇದು ಹೇಳಿದಷ್ಟು ಸುಲಭವಲ್ಲ. ಆದರೂ ತಂದೆ ಬರುವ ಹೊತ್ತಿಗೆ ದೀಪ ಹಾಕದಿರುವುದು, ಟಿವಿ ಹಚ್ಚದಿರುವುದು, ಮಗುವಿಗೆ ಗೋಡೆಯ ಬದಿಯ ಜಾಗ ಬಿಟ್ಟುಕೊಡುವುದು ಸಾಧ್ಯ.

ಘಟನೆಯ ವಿಡಿಯೊಗಳನ್ನು ಮತ್ತೆ ಮತ್ತೆ ನೋಡುವುದು ನಿಲ್ಲಬೇಕು. ಮನೆಯ ದೊಡ್ಡವರು ಅವನ್ನು ಕುಟುಂಬದ ಗುಂಪಿನಲ್ಲಿ ಹಂಚುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಮೊಬೈಲನ್ನೇ ಕಿತ್ತುಕೊಳ್ಳಬೇಡಿ, ಏಕೆಂದರೆ ಸ್ನೇಹಿತರ ಸಂಪರ್ಕವೂ ಅದರೊಂದಿಗೆ ಹೋಗುತ್ತದೆ. ಮಲಗುವ ಹೊತ್ತಿಗೆ ಎಲ್ಲರ ಮೊಬೈಲೂ ಒಂದೇ ಕಡೆ ಚಾರ್ಜಿಗೆ ಹೋಗುವ ಮನೆಯಲ್ಲಿ ಜಗಳ ಕಡಿಮೆ.

ನಿದ್ದೆ ಬರುತ್ತಿಲ್ಲವೆಂದು ಮನೆಯಲ್ಲಿರುವ ಅಜ್ಜಿಯ ನಿದ್ದೆಮಾತ್ರೆಯನ್ನು ಕೊಡಲೇಬೇಡಿ. ನಿದ್ದೆಗೂ ಆತಂಕಕ್ಕೂ ಕೊಡುವ ಬೆಂಜೊಡಯಾಜೆಪೈನ್ ಗುಂಪಿನ ಮಾತ್ರೆಗಳನ್ನು ಆಘಾತದ ಮೊದಲ ತಿಂಗಳಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಊರಿಗೆ ಕಳಿಸುವ ವಿಷಯ. ಉಡುಪಿಯಲ್ಲೋ ವಿಜಯಪುರದಲ್ಲೋ ಇರುವ ಅಜ್ಜಿಯ ಮನೆಯಲ್ಲಿ ಒಂದು ವಾರ ಇದ್ದು ಬರಲು ಮಗುವೇ ಇಷ್ಟಪಟ್ಟರೆ, ಹಿಂದಿರುಗುವ ದಿನವನ್ನು ಮೊದಲೇ ಗೊತ್ತುಮಾಡಿ ಕಳಿಸಬಹುದು. ದಿನಾಂಕವಿಲ್ಲದೆ, ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಭಯ ಇಲ್ಲಿಯೇ ಉಳಿಯುತ್ತದೆ, ಮಗು ಮಾತ್ರ ತನ್ನ ಸ್ನೇಹಿತರಿಂದ ದೂರವಾಗುತ್ತದೆ. ಹಿಂದಿರುಗುವುದು ವಾರದಿಂದ ವಾರಕ್ಕೆ ಇನ್ನೂ ಕಷ್ಟವಾಗುತ್ತದೆ.

ಹೆಜ್ಜೆ 4: ಮಾತಿಗೆ ಜಾಗ ಮಾಡಿಕೊಡಿ, ಮಾತನ್ನು ಒತ್ತಾಯಿಸಬೇಡಿ

ನಡೆದದ್ದನ್ನೆಲ್ಲ ಒಮ್ಮೆ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆಘಾತದ ಬೆನ್ನಲ್ಲೇ ಒಂದೇ ಸಲ ಕೂರಿಸಿ ವಿವರಗಳನ್ನೆಲ್ಲ ಹೇಳಿಸುವ ಕ್ರಮದಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮೊದಲು ಹೇಳಬೇಕಾದ ಮಾತು ಇಂಥದ್ದು: “ಈಗಲೇ ಹೇಳಬೇಕೆಂದಿಲ್ಲ ಮಗಾ. ಹೇಳಬೇಕು ಅನ್ನಿಸಿದಾಗ ಎಬ್ಬಿಸಿ ಬೇಕಾದರೂ ಹೇಳು, ನಾನು ಬಯ್ಯುವುದಿಲ್ಲ.” ಹಾಗೆ ಹೇಳಿದ ಮೇಲೆ ನಿಜವಾಗಿಯೂ ಬಯ್ಯಬಾರದು.

ಎದುರುಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಕೇಳಿದರೆ ಈ ವಯಸ್ಸಿನವರು ಮುದುಡಿಕೊಳ್ಳುತ್ತಾರೆ. ಪಕ್ಕಪಕ್ಕದಲ್ಲಿ ನಡೆಯುವಾಗ, ತರಕಾರಿ ಹೆಚ್ಚುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಿರುವಾಗ ಮಾತು ತಾನಾಗಿ ಬರುತ್ತದೆ. ಚಾಳ್‌ನಲ್ಲೂ ಸಣ್ಣ ಫ್ಲ್ಯಾಟಿನಲ್ಲೂ ಮಾತು ಪಕ್ಕದ ಮನೆಗೆ ಕೇಳುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಮಾಟುಂಗದವರು ಫೈವ್ ಗಾರ್ಡನ್ಸ್ ಕಡೆಗೆ, ವಾಸ್ಕೋದವರು ಸಮುದ್ರದ ಕಡೆಗೆ ಸಂಜೆ ಒಂದು ಸುತ್ತು ಹೊರಡುವುದು ಒಳ್ಳೆಯದು.

ಮಗು ಒಂದು ವಾಕ್ಯ ಹೇಳಿದಾಗ ಮೂರು ತಪ್ಪುಗಳು ಸಾಮಾನ್ಯವಾಗಿ ನಡೆಯುತ್ತವೆ. ಒಂದು, ತಕ್ಷಣ ಸಮಾಧಾನ: “ಅದೆಲ್ಲ ಮರೆತುಬಿಡು.” ಇನ್ನೊಂದು, ಹೋಲಿಕೆ: “ನಾವು ಇದಕ್ಕಿಂತ ಕಷ್ಟ ನೋಡಿದ್ದೇವೆ.” ಮತ್ತೊಂದು, ತನಿಖೆ: “ನೀನು ಅಲ್ಲಿಗೆ ಯಾಕೆ ಹೋಗಿದ್ದೆ?” ಈ ಮೂರನೆಯದು ಅತ್ಯಂತ ಹೆಚ್ಚು ಕೆಡಿಸುತ್ತದೆ, ಏಕೆಂದರೆ ಮಗು ಆ ಪ್ರಶ್ನೆಯನ್ನು ತನಗೆ ತಾನೇ ರಾತ್ರಿಯೆಲ್ಲ ಕೇಳಿಕೊಳ್ಳುತ್ತಿರುತ್ತದೆ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, “ಅದು ಆದಾಗ ನಿನಗೆ ತುಂಬಾ ಭಯವಾಗಿರಬೇಕು” ಎಂದು ಸುಮ್ಮನಾಗಿ. ಮನೆಯಲ್ಲಿ ಕನ್ನಡ ಅಥವಾ ತುಳು ಮಾತಾಡುವ ಮಗು ಈ ವಿಷಯವನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದರೆ ಹಾಗೆಯೇ ಹೇಳಲಿ, ತಿದ್ದಬೇಡಿ.

ಬಂಧುಗಳಿಗೂ ಒಂದು ಉತ್ತರ ಸಿದ್ಧವಾಗಿರಲಿ. ಮದುವೆಯಲ್ಲೋ ಸಂಘದ ಕಾರ್ಯಕ್ರಮದಲ್ಲೋ ಯಾರಾದರೂ ಮಗುವಿನ ಎದುರೇ ವಿಚಾರಿಸಿದರೆ, “ಈಗ ಹುಷಾರಾಗುತ್ತಿದ್ದಾನೆ, ಆ ಮಾತು ಬೇಡ” ಎಂದು ತಾಯಿತಂದೆಯರೇ ಹೇಳಬೇಕು. ದೃಷ್ಟಿ ತೆಗೆಸುವುದು, ಹರಕೆ ಹೊರುವುದು ಮನೆಯವರಿಗೆ ಧೈರ್ಯ ಕೊಡುವುದಾದರೆ ಅದಕ್ಕೆ ಅಡ್ಡಿಯಿಲ್ಲ. ಅದರ ಹೆಸರಿನಲ್ಲಿ ಮಗುವಿಗೆ ಹೊಡೆತ, ಉಪವಾಸ, ಅವಮಾನ ಆಗಬಾರದು, ಚಿಕಿತ್ಸೆ ನಿಲ್ಲಬಾರದು.

ಮಗು ಹೇಳಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ ಮೊದಲು ನಂಬಿ. 2012ರ ಪೋಕ್ಸೊ ಕಾಯ್ದೆಯಡಿ ಹದಿನೆಂಟರೊಳಗಿನ ಮಗುವಿನ ಮೇಲಾದ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಪಡೆಯಬಹುದು, ಆ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸಬಾರದು. ಮಕ್ಕಳ ಸಹಾಯವಾಣಿ 1098.

ಹೆಜ್ಜೆ 5: ಸಿಟ್ಟು ಏರಿದಾಗ

ಕೂಗಾಡುತ್ತಿರುವ ಹೊತ್ತಿನಲ್ಲಿ ಬುದ್ಧಿಮಾತು ಕಿವಿಗೆ ಬೀಳುವುದಿಲ್ಲ. ಧ್ವನಿ ತಗ್ಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, “ಹತ್ತು ನಿಮಿಷ ಬಿಟ್ಟು ಮಾತಾಡೋಣ” ಎಂದು ಹೇಳಿ ಹೊರಗೆ ಬನ್ನಿ. ಹತ್ತು ನಿಮಿಷದ ಮೇಲೆ ತಪ್ಪದೆ ಹಿಂದಿರುಗಿ. ಹೊಡೆಯುವುದು, ವಸ್ತು ಒಡೆಯುವುದು, ತಮ್ಮತಂಗಿಯರ ಮೇಲೆ ಕೈಮಾಡುವುದು ನಡೆಯದು ಎಂಬ ನಿಯಮ ಹಿಂದಿನಂತೆಯೇ ಇರಲಿ. ಆಘಾತವಾಗಿದೆ ಎಂದು ಎಲ್ಲ ನಿಯಮಗಳನ್ನೂ ಸಡಿಲಿಸಿದರೆ ಮನೆ ಬದಲಾಗಿಬಿಟ್ಟಿದೆ ಎಂಬ ಭಯ ಮಗುವಿಗೆ ಹೆಚ್ಚುತ್ತದೆ. ಶಾಂತವಾಗಿರುವ ಹೊತ್ತಿನಲ್ಲಿ ಉಸಿರಿನ ಅಭ್ಯಾಸ ಮಾಡಿಸಿ: ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ನಡೆದದ್ದು ಮತ್ತೆ ಕಣ್ಣೆದುರು ಬಂದಂತಾದಾಗ, ಸುತ್ತ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಶಬ್ದ ಎಂದು ಹೆಸರಿಸುತ್ತ ಹೋದರೆ ಗಮನ ಇಂದಿಗೆ, ಇಲ್ಲಿಗೆ ಮರಳುತ್ತದೆ.

ಹೆಜ್ಜೆ 6: ತಪ್ಪಿಸಿಕೊಳ್ಳುತ್ತಿರುವ ಜಾಗಕ್ಕೆ ಮೆಟ್ಟಿಲುಮೆಟ್ಟಿಲಾಗಿ ಮರಳುವುದು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದೂ ಇದೇ. ಭಯವಾದ ಜಾಗಕ್ಕೆ ಹೋಗದಿದ್ದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ; ಆ ಹಾಯೆನಿಸುವಿಕೆಯೇ ಮರುದಿನದ ಭಯವನ್ನು ದೊಡ್ಡದು ಮಾಡುತ್ತದೆ. ಹಾಗೆಂದು ಎಳೆದುಕೊಂಡು ಹೋಗಿ ನಿಲ್ಲಿಸಿದರೂ ಭಯ ಹೆಚ್ಚುತ್ತದೆ.

ಡೊಂಬಿವಲಿಯ ಹದಿನಾರರ ಹುಡುಗನೊಬ್ಬ ಮಾಟುಂಗದ ಕಾಲೇಜಿಗೆ ಹೋಗುವಾಗ, ತುಂಬಿದ ಲೋಕಲ್‌ನ ಬಾಗಿಲಿನಿಂದ ಒಬ್ಬರು ಕೆಳಗೆ ಬಿದ್ದದ್ದನ್ನು ನೋಡಿದ ಎಂದುಕೊಳ್ಳೋಣ. 2025ರ ಜೂನ್ 9ರಂದು ಮುಂಬ್ರಾ ಬಳಿ ಓಡುತ್ತಿದ್ದ ಲೋಕಲ್‌ಗಳಿಂದ ಪ್ರಯಾಣಿಕರು ಬಿದ್ದು ಸತ್ತ ಮೇಲೆ ಈ ಮಾರ್ಗದ ಮನೆಗಳಿಗೆ ಇದು ಊಹೆಯ ಮಾತಲ್ಲ. ಅವನು ಕಾಲೇಜು ಬೇಡ ಎನ್ನುತ್ತಿದ್ದಾನೆ. ನಿಜವಾಗಿ ಬೇಡವಾಗಿರುವುದು ರೈಲು. ಮಗನೊಂದಿಗೆ ಕೂತು ಮೆಟ್ಟಿಲುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಭಯದ ಅಂಕವನ್ನು ಅವನೇ ಕೊಡಲಿ. ಮೊದಲು ಸಂಜೆ ಸ್ಟೇಷನ್ನಿನ ಹೊರಗೆ, ಟಿಕೆಟ್ ಕಿಟಕಿಯ ತನಕ ನಡೆದು ಬರುವುದು. ಅದು ಸಲೀಸಾದ ಮೇಲೆ ಪಾದಚಾರಿ ಸೇತುವೆಯ ಮೇಲೆ ನಿಂತು ಕೆಳಗೆ ರೈಲು ಬರುವುದನ್ನೂ ಹೋಗುವುದನ್ನೂ ನೋಡುವುದು. ಆಮೇಲೆ ಹತ್ತು ರೂಪಾಯಿಯ ಪ್ಲ್ಯಾಟ್‌ಫಾರ್ಮ್ ಟಿಕೆಟ್ ತೆಗೆದು, ಭಾನುವಾರ ಮಧ್ಯಾಹ್ನ ಬೆಂಚಿನ ಮೇಲೆ ಕೂರುವುದು. ಮುಂದಿನದು, ಖಾಲಿ ಇರುವ ಸ್ಲೋ ಲೋಕಲ್‌ನಲ್ಲಿ ಅಪ್ಪನ ಜೊತೆ ಠಾಕುರ್ಲಿಯವರೆಗೆ ಒಂದೇ ಸ್ಟೇಷನ್ ಹೋಗಿ ಹಿಂದಿರುಗುವುದು. ಆಮೇಲೆ ಠಾಣೆ, ಆಮೇಲೆ ಗೆಳೆಯನ ಜೊತೆ ಮಾಟುಂಗ, ಆಮೇಲೆ ವಾರದ ದಿನ ಜನ ಕಡಿಮೆ ಇರುವ ಹೊತ್ತಿನಲ್ಲಿ ಒಬ್ಬನೇ.

ಪ್ರತಿ ಮೆಟ್ಟಿಲಿನಲ್ಲೂ ಭಯದ ಅಂಕ ಏರಿ, ಸ್ವಲ್ಪ ಹೊತ್ತಿನ ನಂತರ ತಾನಾಗಿ ಇಳಿಯುತ್ತದೆ. ಅದು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಏಳರಲ್ಲೋ ಎಂಟರಲ್ಲೋ ಇರುವಾಗ ಓಡಿ ಬಂದರೆ ಓಡುವುದನ್ನೇ ಕಲಿತಂತಾಗುತ್ತದೆ. ಒಂದು ಮೆಟ್ಟಿಲನ್ನು ಬೇಸರ ಬರುವವರೆಗೆ ಮಾಡಿ, ಬೇರೆ ಬೇರೆ ದಿನ ಮಾಡಿ. ಅಪ್ಪನಿಗೆ ರಜೆ ಇರುವುದು ಒಂದೇ ದಿನವೆಂದು ಮೂರು ಮೆಟ್ಟಿಲು ಒಟ್ಟಿಗೆ ಹತ್ತಿಸಬೇಡಿ. ಪೂರ್ತಿ ಭಯ ಹೋಗಬೇಕೆಂದು ಕಾಯುವುದೂ ಬೇಡ. ಮೂರು ಅಂಕದ ಭಯವಿಟ್ಟುಕೊಂಡೇ ಈ ನಗರದಲ್ಲಿ ಎಷ್ಟೋ ಜನ ದಿನವೂ ರೈಲು ಹತ್ತುತ್ತಾರೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಬಾಗಿಲಿನಲ್ಲಿ ನೇತಾಡುವುದು ನಿಜವಾಗಿಯೂ ಅಪಾಯ. ಆ ಭಯವನ್ನು ಕಳೆಯಬೇಕಾಗಿಲ್ಲ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದು ಒಳಗೆ ಕೂರಲಿ, ಅದಕ್ಕಾಗಿ ಮನೆಯಿಂದ ಬೇಗ ಹೊರಡಬೇಕಾಗಿ ಬಂದರೂ ಸರಿ. ಹಾಗೆಯೇ ಕಿರುಕುಳ ಕೊಡುವವರಿರುವ ಟ್ಯೂಷನ್ ತರಗತಿಗೆ, ದೌರ್ಜನ್ಯ ಮಾಡಿದವರಿರುವ ಮನೆಗೆ ಮಗುವನ್ನು ಮೆಟ್ಟಿಲುಮೆಟ್ಟಿಲಾಗಿ ಅಲ್ಲ, ಯಾವ ರೀತಿಯಲ್ಲೂ ಮರಳಿಸಬಾರದು. ಮಗು ಆ ಜಾಗದಲ್ಲಿ ಇಹದ ಅರಿವೇ ತಪ್ಪಿದಂತೆ ಸ್ತಬ್ಧವಾಗುತ್ತಿದ್ದರೆ ಈ ಅಭ್ಯಾಸವನ್ನು ಮನೆಯವರು ನಿಲ್ಲಿಸಿ, ತಜ್ಞರ ಜೊತೆಗೆ ಮಾತ್ರ ಮುಂದುವರಿಸಬೇಕು.

ಹೆಜ್ಜೆ 7: ಶಾಲೆಗೆ, ಕಾಲೇಜಿಗೆ ತಿಳಿಸಿ

ತರಗತಿ ಶಿಕ್ಷಕರಿಗೆ ಎಷ್ಟು ಹೇಳಬೇಕು ಎಂಬುದನ್ನು ಮಗುವಿನೊಂದಿಗೆ ಮೊದಲೇ ಮಾತಾಡಿ, ಅಷ್ಟನ್ನೇ ಹೇಳಿ. ಹಾಜರಾತಿಯ ವಿಷಯವನ್ನು ಬರವಣಿಗೆಯಲ್ಲಿ ಕೊಡಿ, ವೈದ್ಯರ ಪತ್ರವಿದ್ದರೆ ಲಗತ್ತಿಸಿ. ಮೊದಲ ವಾರ ಅರ್ಧ ದಿನ ಹೋದರೂ ನಡೆಯುತ್ತದೆ. ಪೂರ್ತಿ ಬಿಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ವರ್ಷವಾದರೆ ಮನೆಯ ಆತಂಕ ಪರೀಕ್ಷೆಯ ಸುತ್ತಲೇ ತಿರುಗುತ್ತದೆ. ಮಹಾರಾಷ್ಟ್ರದ ಮಂಡಳಿ ಮುಖ್ಯ ಪರೀಕ್ಷೆಯ ನಂತರ ಪೂರಕ ಪರೀಕ್ಷೆಯನ್ನೂ ನಡೆಸುತ್ತದೆ ಎಂದು ಮಗುವಿಗೆ ಈಗಲೇ ತಿಳಿಸಿ, ಅದು ಸೋಲಲ್ಲ ಎಂದೂ ಹೇಳಿ.

ಹೆಜ್ಜೆ 8: ಒಂದು ತಿಂಗಳ ಗಡಿ

ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಘಟನೆಯಾಗಿ ಒಂದು ತಿಂಗಳು ಕಳೆದರೂ ದುಃಸ್ವಪ್ನ, ತಪ್ಪಿಸಿಕೊಳ್ಳುವಿಕೆ, ಬೆಚ್ಚಿಬೀಳುವಿಕೆ, ಎಲ್ಲದರಲ್ಲೂ ನಿರಾಸಕ್ತಿ ಮುಂದುವರಿದು ಓದಿಗೂ ಒಡನಾಟಕ್ಕೂ ಅಡ್ಡಿಯಾಗುತ್ತಿದ್ದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಆಗಿರಬಹುದು. ಹೆಜ್ಜೆ 1ರ ನೋಟುಪುಸ್ತಕ ತೆಗೆದುಕೊಂಡು ಮನೋವೈದ್ಯರನ್ನೋ ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಆಘಾತಕ್ಕೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸುವ ಚಿಕಿತ್ಸೆ, ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 12ರಿಂದ 16 ಭೇಟಿಗಳು ಬೇಕಾಗುತ್ತವೆ. ಎರಡು ಭೇಟಿಯ ನಂತರ ಬದಲಾವಣೆ ಕಾಣಲಿಲ್ಲವೆಂದು ಬಿಡಿಸಬೇಡಿ. ಭೇಟಿಯ ಕೋಣೆಯಲ್ಲಿ ನಡೆದ ಮಾತನ್ನು ದಾರಿಯಲ್ಲಿ ಕೆದಕಬೇಡಿ. ಚಿಕಿತ್ಸಕರು ಮಗುವಿಗೆ ಸಲೀಸಾದ ಭಾಷೆಯವರಾಗಿರಲಿ, ನಿಮಗೆ ಸಲೀಸಾದ ಭಾಷೆಯವರಾಗಿರಬೇಕೆಂದಿಲ್ಲ.

ಕನ್ನಡದಲ್ಲಿ ಮಾತಾಡಬೇಕೆನ್ನುವ ತಾಯಿತಂದೆಯರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಭಾಷೆಯನ್ನು ಆರಿಸಿಕೊಳ್ಳಬಹುದು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸುವ ಐಕಾಲ್‌ನಲ್ಲಿಯೂ ಫೋನ್ ಮೂಲಕ ಆಪ್ತಸಲಹೆ ಸಿಗುತ್ತದೆ. ಅದೇ ಘಟನೆಯಲ್ಲಿ ನೀವೂ ನೊಂದಿದ್ದರೆ, ನಿಮ್ಮ ಸಲುವಾಗಿಯೂ ಒಮ್ಮೆ ಕರೆಮಾಡಿ.

ಹಿಂದಕ್ಕೆ ಜಾರಿದಾಗ

ಚೇತರಿಸಿಕೊಂಡ ಮಗು ತಿಂಗಳುಗಳ ನಂತರ ಮತ್ತೆ ಸಿಡುಕಬಹುದು. ಘಟನೆಯ ವರ್ಷ ತುಂಬುವ ದಿನ, ಮೊದಲ ಜೋರು ಮಳೆ, ಅಂಥದ್ದೇ ಒಂದು ಸುದ್ದಿ, ಪರೀಕ್ಷೆಯ ಹಿಂದಿನ ವಾರ ಇದಕ್ಕೆ ಕಾರಣವಾಗುತ್ತವೆ. ಗೊತ್ತಿರುವ ದಿನಾಂಕವಾದರೆ ಒಂದು ವಾರ ಮೊದಲೇ ಆ ಮಾತೆತ್ತಿ, ಆ ದಿನ ಹೇಗೆ ಕಳೆಯಬೇಕೆಂದು ಮಗುವನ್ನೇ ಕೇಳಿ. ರೈಲಿನ ಮೆಟ್ಟಿಲು ಹತ್ತಿದ್ದವನು ಮತ್ತೆ ಬೇಡವೆಂದರೆ, ಕೊನೆಯದಾಗಿ ಸಲೀಸಾಗಿದ್ದ ಮೆಟ್ಟಿಲಿಗೆ ಹಿಂದಿರುಗಿ ಅಲ್ಲಿಂದ ಆರಂಭಿಸಿ. ಎರಡನೆಯ ಸಲ ಸಾಮಾನ್ಯವಾಗಿ ಬೇಗ ಏರುತ್ತಾನೆ. ಎರಡು ವಾರದಲ್ಲಿ ಇಳಿಯದಿದ್ದರೆ ಅಥವಾ ನಿದ್ದೆ ಮತ್ತೆ ಕೆಟ್ಟರೆ, ಮೊದಲು ನೋಡಿದ ಚಿಕಿತ್ಸಕರ ಬಳಿಗೇ ಹಳೆಯ ನೋಟುಪುಸ್ತಕದೊಂದಿಗೆ ಹೋಗಿ.